ಗೋಡೆಗೆ ತಲೆಯಿಟ್ಟ ತಿಂಗಳುಗಳು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಬಜಾಜ್ ನಗರದ ಒಂದು ಜಿಮ್ ಸೇರಿದೆ. ಬ್ಯಾಂಕಿನ ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿಯುತ್ತಿತ್ತು. ಮೂರು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ, ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಎತ್ತಿದಷ್ಟೇ ಭಾರವನ್ನು ನಾನೂ ತಲೆಯ ಮೇಲೆತ್ತಲು ಹೋದೆ. ತರಬೇತುದಾರ ಬೇಡವೆಂದಿದ್ದ. ಬಾರ್‌ಬೆಲ್ ಮೇಲೇರಿತು, ಕತ್ತಿನ ಎಡಭಾಗದಲ್ಲಿ ತಟಕ್ಕನೆ ಏನೋ ಹಿಡಿದಂತಾಯಿತು. ನೋವಿಗಿಂತ ಮೊದಲು ನಾಚಿಕೆಯಾಯಿತು. ಏನೂ ಆಗದವಳಂತೆ ನೀರು ಕುಡಿದು ಸ್ಕೂಟರಿನಲ್ಲಿ ಮನೆಗೆ ಬಂದೆ. ಮರುದಿನ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ.

ಎಕ್ಸ್‌ರೇ ನೋಡಿದ ವೈದ್ಯರು, ಎಲುಬಿಗೇನೂ ಆಗಿಲ್ಲ, ಸ್ನಾಯುವಿಗೆ ಪೆಟ್ಟಾಗಿದೆ ಎಂದು ಹತ್ತು ದಿನಕ್ಕೆ ಕತ್ತಿಗೆ ಕಾಲರ್ ಹಾಕಿಸಿದರು. ಮೇ ತಿಂಗಳ ಬಿಸಿಲು. ಕೂಲರ್ ಮುಂದೆ ಕೂತರೂ ಕಾಲರಿನೊಳಗೆ ಬೆವರಿಳಿದು ತುರಿಕೆ. ಎಪ್ಪತ್ತಾರು ವರ್ಷದ ನನ್ನ ಅತ್ತೆ ನನಗೆ ಜಡೆ ಹಾಕಿ, ಮಹಡಿ ಹತ್ತಿ ಬಟ್ಟೆ ಒಣಗಿಸಿ ಬರುತ್ತಿದ್ದರು. ನಾನು ಕೂತು ನೋಡುತ್ತಿದ್ದೆ. ಕೆಲಸಕ್ಕೆ ಮರಳಿದರೆ ಅಲ್ಲಿ ಎಲ್ಲರೂ ವೈದ್ಯರೇ. ಒಬ್ಬರು ಹತ್ತಿರದ ಊರು ಉಮರೇಡಿನಲ್ಲಿ ಕತ್ತು ತಿರುವಿ ಸರಿಮಾಡುವವನಿದ್ದಾನೆಂದು ದಿನವೂ ನೆನಪಿಸುತ್ತಿದ್ದರು.

ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟ ವ್ಯಾಯಾಮವೆಂದರೆ ಗೋಡೆಗೆ ತಲೆಯಾನಿಸಿ ಗದ್ದವನ್ನು ಮೆಲ್ಲಗೆ ಒಳಗೆಳೆದುಕೊಳ್ಳುವುದು. ಹತ್ತು ಸಲ. ಅಷ್ಟೇ. ಭಾರ ಎತ್ತುತ್ತಿದ್ದವಳು ಇದನ್ನು ಮಾಡುತ್ತ ನಿಂತರೆ ಅಳು ಬರುವಷ್ಟು ಸಿಟ್ಟಾಗುತ್ತಿತ್ತು. ನಾಲ್ಕನೆಯ ವಾರ ತಡೆಯದೆ, ಅಡುಗೆಮನೆಯಲ್ಲಿ ನೀರಿನ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಭುಜದವರೆಗೆ ಎತ್ತಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಯಾರಿಗೆ ತೋರಸ್ಲಿಕ್ಕೆ ಎತ್ತಲಿಕತ್ತೀ ಅದನ್ನ?"

"ನನಗ ಆಗ್ತದೋ ಇಲ್ಲೋ ನೋಡ್ಬೇಕಾಗಿತ್ರಿ ಅತ್ಯಾ."

"ನೋಡಿದ್ಯಲ್ಲಾ, ಕೆಳಗಿಡು. ಜಲ್ದಿ ಮಾಡಿದ್ರ ಕುತಗಿ ಕೇಳೂದಿಲ್ಲ."

ಮರುದಿನ ನೋವು ಮತ್ತೆ ಮೊದಲ ದಿನದಷ್ಟಾಗಿತ್ತು. ಫಿಸಿಯೋ ಹುಡುಗಿ ಬೈಯಲಿಲ್ಲ, ನನ್ನ ಕಾರ್ಡಿನಲ್ಲಿ ಮತ್ತೆ ಮೊದಲ ವಾರ ಎಂದು ಬರೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಅತ್ತೆಯೂ ನನ್ನ ಪಕ್ಕ ಗೋಡೆಗೆ ನಿಂತು ಗದ್ದ ಎಳೆದುಕೊಳ್ಳತೊಡಗಿದರು. ಎಣಿಸುವವರು ಅವರೇ. ನಾನು ಅವಸರ ಮಾಡಿದರೆ ಒಂದರಿಂದ ಶುರು.

ಏಳು ತಿಂಗಳಾದವು. ಈಗ ನೋವಿಲ್ಲ, ಆದರೆ ಕತ್ತು ಎಡಕ್ಕೆ ಪೂರ್ತಿ ಹೊರಳುವುದಿಲ್ಲ. ಹಿಂದಿನ ವಾಹನ ಕಾಣದೆ ವರ್ಧಾ ರಸ್ತೆಗೆ ಸ್ಕೂಟರ್ ಒಯ್ಯುವ ಧೈರ್ಯವಿಲ್ಲ. ಮನೀಶ್ ನಗರ ಬಡಾವಣೆಗೆ ತಮ್ಮ ಕೆಲಸಕ್ಕೆ ಹೋಗುವಾಗ ನನ್ನ ಗಂಡ ನನ್ನನ್ನು ಬ್ಯಾಂಕಿಗೆ ಬಿಡುತ್ತಾರೆ. ಇಪ್ಪತ್ತು ವರ್ಷ ನಾನೇ ಗಾಡಿ ಓಡಿಸಿಕೊಂಡು ಹೋದ ದಾರಿಯಲ್ಲಿ ಹಿಂದೆ ಕೂತು, ಅವರು ನಿಧಾನ ಹೋಗುತ್ತಾರೆಂದು ದಿನವೂ ಜಗಳವಾಡುತ್ತೇನೆ.