ಮೈಲೂರಿನ ಮನೆಗಾಗಿ ಗುಂಡಮ್ಮ ಹೇಳಿದ ಸುಳ್ಳು

ಭಾಲ್ಕಿಯಿಂದ ಬೀದರಿಗೆ ಬಂದ ಗುಂಡಮ್ಮ ಸುಳ್ಳನ್ನೇ ಆಡಿದವಳಲ್ಲ ಎಂದರೆ ನೀವೂ ನಂಬಬೇಡಿ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಊಟ ಆಯಿತೆಂದು ನೆರೆಯವರಿಗೆ ಹೇಳುತ್ತಲೇ ಕಾಲ ತಳ್ಳಿದ ವಿಧವೆ ಆಕೆ. ಆದರೆ ಬೇಕೆಂದೇ, ನಾಲ್ಕು ಮಂದಿಯ ಮುಂದೆ ಆಕೆ ಹೇಳಿದ ಸುಳ್ಳು ಒಂದೇ.

ಪೊಲೀಸ್ ಆ್ಯಕ್ಷನ್ ಮುಗಿದು ಎರಡು ತಿಂಗಳಾಗಿತ್ತು. ನಿಜಾಮನ ಪಕ್ಷದ ರಜಾಕಾರರು ಸುಟ್ಟ ಹಳ್ಳಿಗಳವರು, ಆಮೇಲಿನ ಕೊಲೆ ಸುಲಿಗೆಯಲ್ಲಿ ಮನೆ ಕಳೆದುಕೊಂಡವರು, ಎಲ್ಲರೂ ಬೀದರಿನ ಬೀದಿಯಲ್ಲಿದ್ದರು. ಗಂಜಿನ, ಅಂದರೆ ಕಾಳಿನ ಪೇಟೆಯ, ವ್ಯಾಪಾರಿಗಳು ಸೇರಿ ಒಂದು ಧರ್ಮದ ಮಂಡಳಿ ಕಟ್ಟಿದರು. ಅಡತಿ ಅಂಗಡಿಗೆ ಬಂದ ಪ್ರತಿ ಚೀಲದಿಂದ ಒಂದು ಹಿಡಿ ಕಾಳು ಧರ್ಮದ ಚೀಲಕ್ಕೆ ಬೀಳುತ್ತಿತ್ತು. ಅನಾಥ ಮಕ್ಕಳಿಗೆ ಅನ್ನ ಹಾಕುವವರಿಗೂ ಗಾಯದವರಿಗೆ ಔಷಧ ಕೊಡುವವರಿಗೂ ಆಸರೆ ಅದೇ. ಯಜಮಾನರು ಬಂದರೆ ಬಿಟ್ಟುಕೊಡಬೇಕೆಂಬ ಕರಾರಿನ ಮೇಲೆ, ಜೀವಕ್ಕಂಜಿ ಓಡಿಹೋದ ಮುಸಲ್ಮಾನರ ಖಾಲಿ ಮನೆಗಳಲ್ಲಿ ನಿರಾಶ್ರಿತರನ್ನು ಇಡುವುದೂ ಮಂಡಳಿಯೇ.

ಆ ಮನೆಗಳ ಬೀಗ ತೆಗೆದು, ಗುಡಿಸಿ, ಸಾರಿಸುವುದು ಗುಂಡಮ್ಮನ ಕೆಲಸ. ಅದರ ಜೊತೆ ಆಕೆಯದೇ ಒಂದು ಶಾಸ್ತ್ರವಿತ್ತು. ಹೊಸಬರು ಬರುವ ಮುನ್ನ ಒಂದು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟು, "ನಿಮ್ಮ ಮನ್ಯಾಗ ಬ್ಯಾರೆಯವ್ರು ಇರ್ತಾರ, ಸಿಟ್ಟಾಗಬ್ಯಾಡ್ರಿ" ಎಂದು ಗೋಡೆಗಳಿಗೆ ಹೇಳಿ ಬರುತ್ತಿದ್ದಳು. ಮರುದಿನ ಬಂದು ನೋಡಿದರೆ ಬೆಕ್ಕು ತಿಂದು ಚೆಲ್ಲಾಡಿರುತ್ತಿತ್ತು.

ಬೀದರಿನ ಅಂಚಿನ ಮೈಲೂರಿನಲ್ಲಿ, ನಿಜಾಮೋದ್ದೀನನ ಮನೆಯಲ್ಲಿ ಮಾತ್ರ ಹಾಗಾಗಲಿಲ್ಲ. ತಾಟನ್ನು ಯಾರೋ ತೊಳೆದು ಬೋರಲು ಹಾಕಿದ್ದರು.

ಗುಂಡಮ್ಮ ಹೊಸ್ತಿಲವರೆಗೆ ಹಿಂದೆ ಸರಿದಳು. ಆಮೇಲೆ ಬುದ್ಧಿ ಓಡಿತು. ದೆವ್ವ ಉಂಡೀತು, ತಾಟು ತೊಳೆದೀತೆ? ಯಾರೋ ಹೆಣ್ಣುಮಗಳು ಜೀವಂತ ಇದ್ದಾಳೆ. ಒಳಮನೆಯಲ್ಲಿ, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿಗೆ ಗೋಣಿತಟ್ಟು ಹಾಸಿತ್ತು. ಅದರ ಪಕ್ಕ ಕೂತು ಮೆಲ್ಲಗೆ ಕೇಳಿದಳು, "ಯಾರದೀರಿ ತಂಗಿ? ತೆಗೀಲ್ಯಾ?"

ಕೆಳಗಿನಿಂದ ಎರಡು ಸಲ ಟಕ್ ಟಕ್ ಎಂದಿತು. ಬೇಡವೆಂದು ಗುಂಡಮ್ಮ ತಿಳಿದಳು. ಅಂಜಿದ ಹೆಣ್ಣು, ಯಾರೂ ಇಲ್ಲದಾಗ ಹೊರಬಂದು ಉಣ್ಣುತ್ತಾಳೆ, ಉಣ್ಣಲಿ. ತಟ್ಟನ್ನು ಸರಿಸದೆ ಎದ್ದು ಬಂದಳು.

ಆದರೆ ಆ ಮನೆ ಖಟಕ ಚಿಂಚೋಳಿಯ ಪಂಢರಿಗೆ ಕೊಡುವುದೆಂದು ಮಂಡಳಿ ನಿಶ್ಚಯಿಸಿತ್ತು. ಅವನ ಗುಡಿಸಲು ಸುಟ್ಟುಹೋಗಿತ್ತು. ಹೆಂಡತಿ ಸುಭದ್ರಾಬಾಯಿ ಮೂರು ಮಕ್ಕಳನ್ನು ಕಟ್ಟಿಕೊಂಡು ಗಂಜಿನ ಜಗಲಿಯ ಮೇಲಿದ್ದಳು, ಕಿರಿಯದಕ್ಕೆ ಜ್ವರ. ಅಡಗಿದವಳ ಸುದ್ದಿ ಹೊರಬಿದ್ದರೆ ಊರ ಪುಂಡರು ಆಕೆಯನ್ನು ಬಿಡುತ್ತಿರಲಿಲ್ಲ. ಗುಂಡಮ್ಮ ಮಂಡಳಿಯ ಹಿರಿಯ ಶಿವರಾಜಪ್ಪನ ಮುಂದೆ ನಿಂತು, "ಆ ಮನ್ಯಾಗ ದೆವ್ವ ಅದ್ರಿ ಧಣೇರ, ಕೂಸು ಇದ್ದವ್ರಿಗೆ ಬ್ಯಾಡ್ರಿ" ಎಂದುಬಿಟ್ಟಳು.

ಎಂಟು ದಿನ ಆ ಸುಳ್ಳು ನಡೆಯಿತು. ಬೇರೆ ಮನೆ ಯಾವುದೂ ಖಾಲಿ ಇರಲಿಲ್ಲ. ಎಂಟು ದಿನವೂ ತಾಟು ತೊಳೆದಿತ್ತು, ಕೇಳಿದರೆ ಟಕ್ ಟಕ್. ಇತ್ತ ಚಳಿಗೆ ಕೂಸಿನ ಉಸಿರು ಗೊರಗೊರ ಅನ್ನತೊಡಗಿತು. ಅದನ್ನು ನೋಡಿದಾಗೆಲ್ಲ ಗುಂಡಮ್ಮನಿಗೆ ತನ್ನ ನಾಲಿಗೆಯನ್ನೇ ಕಿತ್ತುಹಾಕಬೇಕೆನಿಸುತ್ತಿತ್ತು. ಕೊನೆಗೆ ಶಿವರಾಜಪ್ಪನೇ ಗದರಿದ. "ದೆವ್ವಕ್ಕ ಹೆದರಿ ಕೂಸು ಕಳಕೊಳ್ಳಬೇಕೇನು? ನಾಳಿ ಮಧ್ಯಾಹ್ನ ಅವ್ರು ಒಳಗ ಹೋಗ್ತಾರ."

ಮರುದಿನ ಬೆಳಿಗ್ಗೆ ಗುಂಡಮ್ಮ ಟಾಂಗಾದ ಮಕ್ಬೂಲನ ಕೈಕಾಲು ಹಿಡಿದು ಕರೆತಂದಳು. ಅಡಗಿದವಳನ್ನು ಅವನ ಹೆಂಡತಿಯ ಹತ್ತಿರ ಬಿಡುವುದೆಂದು ಮಾತಾಗಿತ್ತು. ಮಕ್ಬೂಲ ಗೋಣಿತಟ್ಟು ಸರಿಸಿ, ಬಗ್ಗಿ ಬೆರಳಾಡಿಸಿದ.

ಹಗೇವಿನ ಬಾಯಿ ಮುಚ್ಚಿದ ಕಲ್ಲಿನ ಸುತ್ತ ಮಣ್ಣು ಮೆತ್ತಿತ್ತು. ಒಣಗಿ ಗಟ್ಟಿಯಾಗಿತ್ತು, ಎಲ್ಲೂ ಒಂದು ಬಿರುಕಿರಲಿಲ್ಲ.

"ಇದನ್ನ ಯಾರೂ ತೆಗದಿಲ್ಲ ಅಮ್ಮಾ," ಎಂದ.

ಹಾರೆ ಹಾಕಿ ಕಲ್ಲೆತ್ತಿದರು. ಇಳಿಬಿಟ್ಟ ಕಂದೀಲು ಎರಡು ಸಲ ಆರಿತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹೊತ್ತು ಕಾದು ಮತ್ತೆ ಇಳಿಸಿದಾಗ ಕಂಡಳು ನಿಜಾಮೋದ್ದೀನನ ಹೆಂಡತಿ. ಗಂಡ ಗಲಾಟೆಯ ದಿನ ಆಕೆಯನ್ನು ಒಳಗಿಳಿಸಿ, ಯಾರಿಗೂ ಗುಮಾನಿ ಬರದಿರಲೆಂದು ಕಾಳಿನ ಹಗೇವಿಗೆ ಮೆತ್ತುವಂತೆ ಮಣ್ಣು ಮೆತ್ತಿ ಹೋಗಿರಬೇಕು, ತಿರುಗಿ ಬರಲಿಲ್ಲ. ಮೊಣಕಾಲ ಮೇಲೆ ತಲೆಯಿಟ್ಟು ಕೂತಲ್ಲೇ ಆಕೆ ಒಣಗಿದ್ದಳು.

"ಎರಡು ತಿಂಗಳಾಗ್ಯಾವ," ಎಂದ ಮಕ್ಬೂಲ. ಬೋರಲು ಬಿದ್ದ ತಾಟಿನತ್ತ ಗುಂಡಮ್ಮ ತಿರುಗಿ ನೋಡಿದಳು. ಹಾಗಾದರೆ ತಾನು ಎಂಟು ದಿನ ಮಾತಾಡಿದ್ದು ಯಾರ ಜೊತೆ?

ಧರ್ಮದ ಕಾಳು ಮಾರಿದ ಹಣದಿಂದಲೇ ಹೆಣಕ್ಕೆ ಸುತ್ತುವ ಕಫನ್ನು ಬಂತು. ಮಕ್ಬೂಲ ನಾಲ್ಕು ಜನರನ್ನು ಕರೆತಂದು ಮಣ್ಣು ಮಾಡಿದ. ಮಧ್ಯಾಹ್ನ ಜ್ವರದ ಕೂಸನ್ನು ಎದೆಗವುಚಿಕೊಂಡು ಸುಭದ್ರಾಬಾಯಿ ಬಾಗಿಲಿಗೆ ಬಂದಳು. ಗುಂಡಮ್ಮ ಒಂದನ್ನೂ ಮುಚ್ಚಿಡದೆ ಹೇಳಿ, ಅತ್ತಳು. ಪಂಢರಿ ಹಿಂದೆ ಸರಿದ. "ನಿಂಬಿಹಣ್ಣು ಕಟ್ಟಿಸಿ, ಆಕೀನ ಹೊರಗ ಹಾಕಿಸಿ ಬರೂಣು," ಎಂದ.

ಸುಭದ್ರಾಬಾಯಿ ಕತ್ತಲೆಯ ಒಳಮನೆಯನ್ನು ಒಂದು ಗಳಿಗೆ ನೋಡಿದಳು. ಒಳಗಿನಿಂದ ಸಣ್ಣಗೆ ಟಕ್ ಟಕ್ ಎಂದಿತು. ಕೂಸಿನ ಕುಂಚಿಗೆ ಸರಿಮಾಡಿ, ಹೊಸ್ತಿಲು ದಾಟಿದಳು.

"ಮನೀಂದ ಹೊರಗ ಹಾಕಿದ್ರ ಹ್ಯಾಂಗಾಗ್ತದ ಅಂತ ನನಗ ಗೊತ್ತದ," ಎಂದಳು. "ಆಕೀನ ನಾ ಹೊರಗ ಹಾಕಂಗಿಲ್ಲ."