ಕಾಡಮ್ಮನ ಕೊನೆಯ ಮಾತು

ಕಾಡಮ್ಮ ತೀರಿಕೊಂಡ ಸುದ್ದಿ ಬಂದ ಮರುದಿನ ಬೆಳಿಗ್ಗೆ, ಊರಿನ ದೊಡ್ಡ ಬಸ್ ನಿಲ್ದಾಣದ ಧ್ವನಿವರ್ಧಕಗಳಲ್ಲಿ ಕಾಡಮ್ಮನ ಧ್ವನಿ ಎಂದಿನಂತೆ ಕೇಳಿಬಂತು: "ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿನಿಂದ ಹೊರಡಲು ಸಿದ್ಧವಾಗಿದೆ."

ಬಾಯಿಯ ತನಕ ಬಂದಿದ್ದ ಟೀ ಲೋಟಗಳು ಅಲ್ಲೇ ನಿಂತವು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವರು ಇನ್ನೊಂದನ್ನು ನೆಲದಲ್ಲೇ ಮರೆತರು. ಮುದುಕರೊಬ್ಬರು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಆಕಾಶ ನೋಡಿದರು. ಬಂದರಿನ ಬಸ್ಸಿನ ಕಂಡಕ್ಟರ್ ಮಾತ್ರ ಕೆಲಸದ ಮನುಷ್ಯ, "ಮೊದಲು ಹತ್ರಪ್ಪಾ, ಒಳಗೆ ಕೂತು ಅಳಿ. ಸೀಟಿದೆ," ಎಂದು ಕೂಗಿದ.

ಧ್ವನಿವರ್ಧಕದ ಇನ್ನೊಂದು ತುದಿಯಲ್ಲಿ, ಗಾಜಿನ ಗೂಡಿನೊಳಗೆ ಕೂತಿದ್ದವಳು ಮೈಕಮ್ಮ. ನಿಲ್ದಾಣದವರು ಇಟ್ಟ ಹೆಸರು ಅದು. ತಂದೆ ಬಸ್ ಚಾಲಕ, ಗಂಡನೂ ಚಾಲಕ. ಗಂಡ ದೂರದ ಊರಿಗೆ ಹೊರಡುವುದನ್ನು ಎಲ್ಲ ಪ್ರಯಾಣಿಕರಿಗೂ ತಾನೇ ಸಾರಿ ಹೇಳುವ ಭಾಗ್ಯ ತನ್ನೊಬ್ಬಳದೇ ಎಂದು ಅವಳು ನಗುತ್ತಿದ್ದಳು. ಹುಡುಗಿಯಾಗಿದ್ದಾಗ, ಹಿಂದೆ ಪ್ರಕಟಣೆ ಹೇಳುತ್ತಿದ್ದವರ ಗಂಟಲು ಕಟ್ಟಿತೆಂದು ಆ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಕೂತವಳು ಮತ್ತೆ ಏಳಲೇ ಇಲ್ಲ.

ಕಾಡಮ್ಮ ಎಂದು ಊರು ಕರೆಯುತ್ತಿದ್ದುದು ದೂರದ ದೇಶದ ಒಬ್ಬ ಹೆಂಗಸನ್ನು. ಪ್ರತಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ, ಬಣ್ಣ ಮಾಸಿದ ಅಂಗಿ ತೊಟ್ಟು, ಹುಲ್ಲಿನಲ್ಲಿ ಮೊಣಕಾಲೂರಿ, ಎದುರಿನ ಪ್ರಾಣಿಯ ಬಗ್ಗೆ ಪಕ್ಕದ ಮನೆಯವರ ಸಮಾಚಾರ ಹೇಳುವಂತೆ ಮಾತಾಡುತ್ತಿದ್ದ ಹೆಂಗಸು. ಆಕೆಯ ಭಾಷೆ ಇಲ್ಲಿ ಯಾರಿಗೂ ಬಾರದು. ಇಲ್ಲಿನವರು ಬಾಲ್ಯದಿಂದ ಕೇಳಿ ಬೆಳೆದದ್ದು ಆಕೆಯ ತುಟಿಗೆ ಹೊಂದಿಸಿದ ಮೈಕಮ್ಮನ ಧ್ವನಿ.

ಆ ಕೆಲಸ ಸಿಕ್ಕಿದ ಬಗೆಯೂ ಸ್ವಾರಸ್ಯದ್ದೇ. ಡಬ್ಬಿಂಗ್ ಸ್ಟುಡಿಯೋದ ನಿರ್ದೇಶಕರು ಒಮ್ಮೆ ಬಸ್ಸಿಗೆ ಕಾಯುತ್ತಾ ಅವಳ ಧ್ವನಿಗೆ ಕಿವಿಗೊಟ್ಟು, ಕಣ್ಣೆದುರಿಗೇ ತಮ್ಮ ಬಸ್ಸು ಹೋಗುವುದನ್ನು ಗಮನಿಸದೆ ಬಿಟ್ಟರು. ಕೈತಪ್ಪಿದ ಬಸ್ಸಿನ ಬದಲು ಅವಳನ್ನೇ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಮೊದಲ ಪರೀಕ್ಷೆಯಲ್ಲಿ ಅವಳು, "ಸಿಂಹವು ಎಡಬದಿಯಿಂದ ಬರುತ್ತಿದೆ," ಎಂದದ್ದು ಎಷ್ಟು ನಿಲ್ದಾಣದ ಶೈಲಿಯಲ್ಲಿತ್ತೆಂದರೆ, ಒಳಗಿದ್ದವರೆಲ್ಲ ಚೀಲ ಎತ್ತಿಕೊಳ್ಳಲು ತಡಕಾಡಿದರಂತೆ.

"ಮಾತು ಅನುಕರಿಸಬೇಡ ತಾಯಿ," ಎಂದು ನಿರ್ದೇಶಕರು ಕಲಿಸಿದರು. "ಆಕೆ ಉಸಿರು ತಗೊಂಡಾಗ ನೀನೂ ತಗೋ. ಉಸಿರು ಕೂಡಿದ್ರೆ ಮಾತು ತಾನಾಗಿ ಕೂಡುತ್ತೆ."

ಅಂದಿನಿಂದ ಅದೇ ಅವಳ ಪದ್ಧತಿ. ಮೈಕಿನ ಮುಂದೆ ಬಳೆ, ವಾಚು, ಚಪ್ಪಲಿ ಎಲ್ಲ ಕಳಚಿಟ್ಟು, ತೆರೆಯ ಮೇಲಿನ ಎದೆ ಏರುವುದನ್ನೇ ನೋಡುತ್ತಾ ಉಸಿರೆಳೆದುಕೊಳ್ಳುವುದು. ಕಾಡಮ್ಮನಿಗೆ ಭಯವಾದಾಗ ಉಸಿರು ಎಲ್ಲಿ ತಡೆಯುತ್ತದೆ, ಗೊತ್ತಿಲ್ಲದ್ದನ್ನು 'ಗೊತ್ತಿಲ್ಲ' ಎನ್ನುವ ಮೊದಲು ಹೇಗೆ ಸಣ್ಣಗೆ ಹೊರಬೀಳುತ್ತದೆ ಎಂಬುದು ಅವಳಿಗೆ ಕರಗತವಾಗಿತ್ತು. ಈ 'ಗೊತ್ತಿಲ್ಲ' ಎಂಬ ಮಾತನ್ನು ಟೀವಿಯಲ್ಲಿ ಅಷ್ಟು ಧಾರಾಳವಾಗಿ ಆಡುವವರು ಬೇರೆ ಯಾರೂ ಇರಲಿಲ್ಲ. ಮೈಕಮ್ಮನಿಗೆ ಆಕೆಯ ಮೇಲೆ ಗೌರವ ಹುಟ್ಟಿದ್ದೇ ಅದರಿಂದ. ಇಬ್ಬರೂ ಒಮ್ಮೆಯೂ ಭೇಟಿಯಾದವರಲ್ಲ.

ಸಾವಿನ ಸುದ್ದಿಯ ಬೆನ್ನಿಗೇ ಜನ ಹೂಗುಚ್ಛ ಹಿಡಿದು ಹೊರಟರು. ಕಾಡಮ್ಮನ ಮನೆ ಸಮುದ್ರದಾಚೆ. ಮೈಕಮ್ಮನ ಮನೆಯೋ ನಿಲ್ದಾಣದ ಹಿಂದಿನ ಬೀದಿಯಲ್ಲೇ. ಸಂಜೆಯೊಳಗೆ ಅವಳ ಗೇಟಿನ ಬುಡದಲ್ಲಿ ಹೂಗಳ ರಾಶಿ ಬಿದ್ದಿತ್ತು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಇದನ್ನು ಕಂಡು ಅವಳ ಅತ್ತೆ ಪೊರಕೆ ಸಮೇತ ಹೊರಬಂದರು.

"ಯಾರ ಮನೆ ಅಂದ್ಕೊಂಡ್ರಿ ಇದು? ನನ್ನ ಸೊಸೆ ಗುಂಡುಕಲ್ಲಿನ ಹಾಗಿದ್ದಾಳೆ! ಬದುಕಿದ್ದವಳ ಬಾಗಿಲಿಗೆ ಹೂ ತಂದಿಡ್ತೀರಲ್ಲ, ಬುದ್ಧಿ ಬಾಡಿಗೆಗೆ ಕೊಟ್ಟಿದ್ದೀರಾ?"

"ಅಜ್ಜಿ, ನಮಗೆ ಗೊತ್ತಿರೋ ಕಾಡಮ್ಮ ಈ ಮನೆಯವರೇ ಅಲ್ವಾ?" ಎಂದಳು ಹೂ ತಂದಿದ್ದ ನರ್ಸ್ ಒಬ್ಬಳು, ಕಣ್ಣೊರೆಸಿಕೊಳ್ಳುತ್ತಾ.

ಅತ್ತೆ ಸಿಟ್ಟಿನಿಂದ ಬತ್ತಿಗಳನ್ನಷ್ಟೇ ಆರಿಸಿ, ಹೂಗಳಿಗೆ ಬಕೆಟ್ಟಿನಲ್ಲಿ ನೀರು ತಂದಿಟ್ಟರು.

ದುಃಖದ ಹಿಂದೆಯೇ ವದಂತಿ ಬಂತು. ಕಾಡಮ್ಮ ಸತ್ತದ್ದು ತಮ್ಮ ಮನೆಯಲ್ಲಿ, ಮೆದುಳಿನ ರಕ್ತನಾಳ ಒಡೆದು. ಪತ್ರಿಕೆಗಳು ಅದನ್ನು ಸ್ಪಷ್ಟವಾಗಿಯೇ ಬರೆದಿದ್ದವು. ಆದರೆ ಆಕೆ ಕಡೆಯದಾಗಿ ಚಿತ್ರೀಕರಿಸಿದ್ದು ಕತ್ತೆಕಿರುಬಗಳನ್ನು ಎಂಬುದೂ ಅದೇ ಸುದ್ದಿಯಲ್ಲಿತ್ತು. ಜನರಿಗೆ ಸಾವಿಗೊಂದು ಮುಖ ಬೇಕು. ರಕ್ತನಾಳಕ್ಕೆ ಮುಖವಿಲ್ಲ, ಕತ್ತೆಕಿರುಬಕ್ಕಿದೆ, ಅದೂ ಎಂಥ ಮುಖ! ಎರಡೂ ಸುದ್ದಿಗಳು ಟೀ ಅಂಗಡಿಯಲ್ಲಿ ಒಂದಾಗಿ, ಕತ್ತೆಕಿರುಬವೇ ಕಾಡಮ್ಮನನ್ನು ಕೊಂದಿತೆಂದಾಯಿತು. ಊರಿನ ಮೃಗಾಲಯದಲ್ಲಿದ್ದ ಒಂಟಿ ಮುದಿ ಕತ್ತೆಕಿರುಬದ ಮೇಲೆ ಕಲ್ಲು ಬಿದ್ದವು. ಅದರ ಹಣೆ ಒಡೆಯಿತು. ಕಾವಲುಗಾರರು ಬೋನಿಗೆ ಟಾರ್ಪಾಲು ಕಟ್ಟಿ ಮರೆಮಾಡಿದರು.

ಅದೇ ದಿನ ಸ್ಟುಡಿಯೋದಿಂದ ಕರೆ ಬಂತು. ಕಡೆಯ ಕಂತು ಬಂದಿತ್ತು. ನಿರ್ದೇಶಕರ ಪಕ್ಕದಲ್ಲಿ ಚಾನೆಲ್ಲಿನ ಅಧಿಕಾರಿಯೊಬ್ಬರು, ಇಸ್ತ್ರಿ ಮುರಿಯದ ಅಂಗಿಯಲ್ಲಿ ಕೂತಿದ್ದರು. ಮೂವರೂ ದೃಶ್ಯಗಳನ್ನು ನೋಡಿದರು.

ಕಾರ್ಯಕ್ರಮ ಶುರುವಾದ ವರ್ಷಗಳಲ್ಲಿ ಕಾಡಮ್ಮ ಕತ್ತೆಕಿರುಬವನ್ನು 'ಕಾಡಿನ ಕಳ್ಳ' ಎಂದಿದ್ದರು. ಸಿಂಹ ಬೇಟೆಯನ್ನು ತಿನ್ನುತ್ತಿರುತ್ತದೆ, ಕತ್ತೆಕಿರುಬಗಳು ಸುತ್ತ ಹೊಂಚು ಹಾಕುತ್ತಿರುತ್ತವೆ, ಕಂಡದ್ದು ಹಾಗೆ. ಮಕ್ಕಳ ಬಾಯಲ್ಲಿ ಆ ಹೆಸರು ಉಳಿದುಬಿಟ್ಟಿತ್ತು. ಈ ಕಡೆಯ ಕಂತಿನಲ್ಲಿ ಕಾಡಮ್ಮ ಕತ್ತಲಲ್ಲೂ ಕಾಣುವ ಕ್ಯಾಮೆರಾ ಇಟ್ಟಿದ್ದರು. ಕತ್ತೆಕಿರುಬಗಳು ಓಡಿದವು, ಕೂಡಿ ಅಟ್ಟಿದವು, ಬೇಟೆಯನ್ನು ಕೆಡವಿದವು. ಆಮೇಲೆ ಸಿಂಹಗಳು ಬಂದು ಅವನ್ನು ಓಡಿಸಿ ತಾವು ತಿನ್ನಲು ಕೂತವು. ಬೆಳಗಾದಾಗ ಕಂಡ ನೋಟ ಹಳೆಯ ಕಂತಿನದೇ: ಸಿಂಹ ತಿನ್ನುತ್ತಿದೆ, ಕತ್ತೆಕಿರುಬಗಳು ಸುತ್ತ ಹೊಂಚುತ್ತಿವೆ.

ಕಾಡಮ್ಮ ಕ್ಯಾಮೆರಾದ ಕಡೆ ತಿರುಗಿ ನಕ್ಕು ಹೇಳಿದ್ದರು: ಅಂದು ನಾನು ಬೆಳಗಾದ ಮೇಲೆ ಬಂದು ತೀರ್ಪು ಕೊಟ್ಟೆ. ಇವು ಕಳ್ಳರಲ್ಲ. ಈ ಬೇಟೆ ಇವುಗಳದ್ದು. ನನ್ನ ಮಾತು ತಪ್ಪು.

ಮೈಕಮ್ಮನ ಮೈ ನವಿರೆದ್ದಿತು. ಅಧಿಕಾರಿ ದೀಪ ಹಾಕಿಸಿದರು.

"ಈ ಭಾಗ ತೆಗೀತಿದ್ದೀವಿ," ಎಂದರು. "ಜನ ಆ ಪ್ರಾಣಿ ಹೆಸರೆತ್ತಿದ್ರೆ ಉರಿದು ಬೀಳ್ತಿದ್ದಾರೆ. ಬದಲಿಗೆ ಒಂದು ವಿದಾಯ ಬರೆಸಿದ್ದೀವಿ. ನೀವು ಓದಿದ್ರೆ ಸಾಕು, ಚಿತ್ರ ನಾವು ಹೊಂದಿಸ್ಕೋತೀವಿ."

ಅವಳು ಹಾಳೆ ತೆಗೆದುಕೊಂಡು ಓದಿದಳು. 'ಮಕ್ಕಳೇ, ನಾನು ಹೊರಟೆ. ಇನ್ನು ನನ್ನನ್ನು ಹಕ್ಕಿಯ ರೆಕ್ಕೆಗಳಲ್ಲಿ ಹುಡುಕಿ...'

"ಇದನ್ನ ಅವರು ಯಾವಾಗ ಹೇಳಿದ್ರು ಸರ್?"

"ಹೇಳಿಲ್ಲಮ್ಮ. ಹೇಳಬಹುದಿತ್ತು."

"ಬರಬಹುದಿತ್ತು ಅಂತ ನಾನು ಬಸ್ ಅನೌನ್ಸ್ ಮಾಡಿದ್ರೆ ಜನ ಎಲ್ಲಿಗೆ ಹೋಗ್ತಾರೆ? ಹಕ್ಕಿ ರೆಕ್ಕೆಯಲ್ಲಿ ಆಕೆ ಹುಡುಕಿದ್ದು ಹೇನು ಸರ್. ಹುಡುಕಿ, ಹಿಡಿದು, ಕ್ಯಾಮೆರಾಕ್ಕೆ ತೋರಿಸಿದ್ರು. ಅಂಥವರ ಬಾಯಿಗೆ ಇದನ್ನ ತುರುಕೋದಾ?"

ನಿರ್ದೇಶಕರು ಕೆಮ್ಮಿನ ನೆಪದಲ್ಲಿ ನಗು ನುಂಗಿದರು. ಅಧಿಕಾರಿ ನಗಲಿಲ್ಲ.

"ನೀವು ಓದದಿದ್ರೂ ನಡೆಯುತ್ತೆ. ನಿಮ್ಮ ಹಳೇ ರೆಕಾರ್ಡಿಂಗ್ ರಾಶಿ ಇದೆ. ಪದ ಪದ ಕತ್ತರಿಸಿ ಜೋಡಿಸ್ತೀವಿ."

ಮೈಕಮ್ಮ ಕಳಚಿಟ್ಟಿದ್ದ ಬಳೆಗಳನ್ನು ಒಂದೊಂದಾಗಿ ತೊಟ್ಟುಕೊಳ್ಳತೊಡಗಿದಳು. ಆ ಕೋಣೆಯಲ್ಲಿ ಬಳೆಯ ಸದ್ದು ಕೇಳಿದ್ದೇ ಅದು ಮೊದಲು. ಇಷ್ಟು ವರ್ಷಗಳ ಸ್ಟುಡಿಯೋ ಕೆಲಸ ಇಲ್ಲಿಗೇ ಮುಗಿಯಬಹುದು ಎಂಬುದು ಅವಳಿಗೆ ತಿಳಿಯದ್ದಲ್ಲ. ಆದರೆ ಸತ್ತವರಿಗೆ ಎದ್ದು ಬಂದು 'ಇದು ನನ್ನ ಮಾತಲ್ಲ' ಎನ್ನಲು ಆಗದು. ಈ ಊರಿನಲ್ಲಿ ಆಕೆಯ ಪರವಾಗಿ ಹಾಗೆನ್ನಬಲ್ಲ ಬಾಯಿ ಇದ್ದದ್ದು ಒಂದೇ.

"ಜೋಡಿಸಿ ಸರ್," ಎಂದಳು. "ಭಾನುವಾರ ನನ್ನ ಪಾಳಿ ಇದೆ. ನಿಮ್ಮ ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲಾ ಪ್ಲಾಟ್‌ಫಾರ್ಮಿಗೂ ಕೇಳೋ ಹಾಗೆ ಅನೌನ್ಸ್ ಮಾಡ್ತೀನಿ: ಪ್ರಯಾಣಿಕರ ಗಮನಕ್ಕೆ, ಈಗ ತಾನೆ ಕೇಳಿದ್ದು ಕಾಡಮ್ಮನ ಮಾತಲ್ಲ. ನನ್ನದೂ ಅಲ್ಲ."

ಅಧಿಕಾರಿ ನಿರ್ದೇಶಕರ ಮುಖ ನೋಡಿದರು.

"ಹೇಳ್ತೀನಿ ಅಂದ್ರೆ ಹೇಳೇ ಹೇಳ್ತಾಳೆ," ಎಂದರು ನಿರ್ದೇಶಕರು. "ಮತ್ತೆ ಅವಳು ಹೇಳಿದ್ರೆ ಜನ ನಂಬ್ತಾರೆ. ನಾನೇ ಅವಳ ಮಾತು ಕೇಳ್ತಾ ಬಸ್ ಬಿಟ್ಟವನು."

ಅಧಿಕಾರಿ ಹೊರಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದರು. "ಆಯ್ತು. ಇದ್ದದ್ದು ಇದ್ದ ಹಾಗೇ ಹೋಗಲಿ. ಜನ ಬೈದ್ರೆ ನಿಮ್ಮ ಮನೆಗೇ ಕಳಿಸ್ತೀನಿ."

"ಕಳಿಸಿ. ಪೊರಕೆ ಹಿಡಿದು ಅತ್ತೆ ಇದ್ದಾರೆ."

ಬಳೆಗಳು ಮತ್ತೆ ಕೈಯಿಂದ ಇಳಿದವು. ಕಷ್ಟವಾದದ್ದು 'ನನ್ನ ಮಾತು ತಪ್ಪು' ಎಂಬುದಲ್ಲ, ಅದರ ಹಿಂದಿನ ಆ ಪುಟ್ಟ ನಗು. ಮೈಕಮ್ಮನ ಬಾಯಲ್ಲಿ ಅದು ಮೊದಲು ನಾಚಿಕೆಯಂತೆ ಬಂತು, ಆಮೇಲೆ ಅಳುವಂತೆ ಬಂತು. ಕಾಡಮ್ಮನದು ಎರಡೂ ಅಲ್ಲ, ಸಂತೋಷದ ನಗು. ಹೊಸದೇನೋ ಗೊತ್ತಾಯಿತು, ಅದಕ್ಕೆ ತನ್ನ ಹಳೆಯ ಮಾತನ್ನು ತೆತ್ತರೆ ನಷ್ಟವೇನಿಲ್ಲ ಎನ್ನುವಂಥದ್ದು. ಮೈಕಮ್ಮ ಕಣ್ಣೊರೆಸಿಕೊಂಡು, ಆ ಎದೆ ಏರುವುದನ್ನೇ ನೋಡುತ್ತಾ, ಜೊತೆಗೆ ಉಸಿರೆಳೆದಳು. ನಗು ಕೂಡಿತು.

ಭಾನುವಾರ ನಿಲ್ದಾಣದ ನಿರೀಕ್ಷಣಾ ಕೋಣೆಯಲ್ಲಿ ಕಂಟ್ರೋಲರ್ ಟೀವಿಯ ಧ್ವನಿ ಜೋರು ಮಾಡಿಸಿದರು. ಜನ ಬಾಗಿಲ ತನಕ ನಿಂತಿದ್ದರು. ಮೈಕಮ್ಮ ತನ್ನ ಗಾಜಿನ ಗೂಡಿನಿಂದ ಟೀವಿಯನ್ನಲ್ಲ, ಆ ಮುಖಗಳನ್ನು ನೋಡುತ್ತಿದ್ದಳು. ಕತ್ತೆಕಿರುಬ ಕಂಡೊಡನೆ ಯಾರೋ ಛೀ ಎಂದರು. ಯಾರೋ ಟೀವಿಯತ್ತ ಮುಷ್ಟಿ ಎತ್ತಿದರು. ಬೇಟೆ ನಡೆಯಿತು, ಸಿಂಹಗಳು ಬಂದವು, ಕಾಡಮ್ಮ ಕ್ಯಾಮೆರಾದ ಕಡೆ ತಿರುಗಿದರು. 'ಇವು ಕಳ್ಳರಲ್ಲ. ಈ ಬೇಟೆ ಇವುಗಳದ್ದು. ನನ್ನ ಮಾತು ತಪ್ಪು.'

ಹಮಾಲಿಯೊಬ್ಬ ತಲೆಯ ಮೇಲಿನ ಪೆಟ್ಟಿಗೆ ಇಳಿಸಿ, "ಹಾಗಾದ್ರೆ ಕಳ್ಳ ಸಿಂಹನಾ?" ಎಂದು ಗಟ್ಟಿಯಾಗಿ ಕೇಳಿದ.

"ಅದು ರಾಜ ಅಲ್ವೇನಯ್ಯ," ಎಂದ ಬಂದರಿನ ಕಂಡಕ್ಟರ್. "ರಾಜ ಕಿತ್ಕೊಂಡ್ರೆ ಕಳ್ಳತನ ಅನ್ನಲ್ಲ, ತೆರಿಗೆ ಅಂತಾರೆ."

ಕೋಣೆಯೆಲ್ಲ ನಗು ಹಬ್ಬಿತು. ಮುಷ್ಟಿ ಎತ್ತಿದ್ದವನ ಕೈ ಎಲ್ಲಿಗೆ ಹೋಗುವುದೆಂದು ತಿಳಿಯದೆ ತಲೆ ಕೆರೆಯಿತು. ಟೀವಿಯಲ್ಲಿ ಕಾಡಮ್ಮ ಮೊಣಕಾಲ ಮಣ್ಣು ಕೊಡವಿಕೊಂಡು ಎದ್ದು, ಒಂದು ಮಾತೂ ಆಡದೆ ಚಿತ್ರದಿಂದಾಚೆ ನಡೆದುಹೋದರು. ಟೋಪಿಯ ಮುದುಕರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಯಾರು ತಟ್ಟಿದರು, ಯಾರು ಬಿಟ್ಟರು ಎಂದು ಹೇಳುವಂತಿರಲಿಲ್ಲ.

ಸತ್ತವಳೊಬ್ಬಳು ತನ್ನ ತಪ್ಪೊಪ್ಪಿಕೊಂಡದ್ದಕ್ಕೆ ಬಸ್ ನಿಲ್ದಾಣ ಚಪ್ಪಾಳೆ ತಟ್ಟುವುದನ್ನು ಮೈಕಮ್ಮ ಕಣ್ತುಂಬ ನೋಡಿದಳು. ಇಂಥ ಊರಿಗೆ ತಾನು ದಾರಿ ಹೇಳುವವಳು ಎಂದು ಅವಳ ಎದೆ ಹಿಗ್ಗಿತು. ಆ ಹಿಗ್ಗಿನಲ್ಲಿ, ಕುರ್ಚಿಗೆ ಬಂದ ಮೇಲೆ ಮೊತ್ತಮೊದಲ ಬಾರಿಗೆ, ಬಸ್ಸು ಸಾರುವುದನ್ನೇ ಮರೆತಳು.

"ಮೈಕಮ್ಮಾ! ಬಂದರಿನ ಬಸ್ಸು ಖಾಲಿ ನಿಂತಿದೆ!" ಎಂದು ಕಂಟ್ರೋಲರ್ ಗಾಜು ಬಡಿದರು. "ಕಂಡಕ್ಟರೂ ಇಲ್ಲೇ ಇದ್ದಾನೆ!"

ಒಂದು ಕಂತಿನಿಂದ ಊರೆಲ್ಲ ಬದಲಾಯಿತೆಂದರೆ ಅದೂ ವದಂತಿಯೇ ಆದೀತು. ಕತ್ತೆಕಿರುಬವೇ ಕೊಂದದ್ದು ಎನ್ನುವವರು ಈಗಲೂ ಇದ್ದಾರೆ. ಆದರೆ ಆ ವಾರ ಮೃಗಾಲಯದಲ್ಲಿ ಕಲ್ಲು ಬೀಳಲಿಲ್ಲ. ಟಾರ್ಪಾಲು ಬಿಚ್ಚಿದರು. ಹಣೆಯ ಗಾಯ ಒಣಗಿದ ಮುದಿ ಪ್ರಾಣಿಯನ್ನು ನೋಡಲು ಜನ ಬಂದರು, ಮೈಕಮ್ಮನ ಅತ್ತೆಯೂ ಹೋದರು. ಬಹಳ ಹೊತ್ತು ಅದನ್ನೇ ದಿಟ್ಟಿಸಿ, "ಮುಖ ನೋಡಿ ಮಣೆ ಹಾಕೋ ಜನ ನಾವು. ನಿನ್ನ ಮುಖಕ್ಕೆ ಏನು ಮಾಡೋದಪ್ಪಾ," ಎಂದು ನಿಟ್ಟುಸಿರುಬಿಟ್ಟು ಬಂದರು.

ಮರುದಿನ ಆ ನರ್ಸ್ ಮತ್ತೆ ಹೂಗುಚ್ಛ ಹಿಡಿದು ಗೇಟಿನ ಬಳಿ ಬಂದಳು. ಅತ್ತೆ ಪೊರಕೆ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಸೊಸೆ ಮಾಡುವಂತೆಯೇ ಮೊದಲು ಉಸಿರೆಳೆದುಕೊಂಡರು.

"ಹೂ ಇಲ್ಲಿ ಬೇಡಮ್ಮ," ಎಂದರು, ಬೀದಿಗೆಲ್ಲ ಕೇಳುವಂತೆ. "ಮೃಗಾಲಯಕ್ಕೆ ಹೋಗೋ ಬಸ್ಸು ಆರನೇ ಪ್ಲಾಟ್‌ಫಾರ್ಮಿನಿಂದ ಹೊರಡುತ್ತೆ. ಯಾವಾಗ ಅಂತ ನನ್ನ ಸೊಸೆ ಹೇಳ್ತಾಳೆ. ಅವಳು ಹೇಳಿದ್ರೆ ಸರಿಯಾಗೇ ಇರುತ್ತೆ."