ಎಂಟು ವರ್ಷ ಮೂಕವಾಗಿದ್ದ ಗಾಂಧಾರ

ಕಳೆದ ವಾರ ನಾನು ಜಗಳ ಮಾಡಲೆಂದೇ ಟಾಂಗಾ ಹತ್ತಿದೆ. ತೊಡೆಯ ಮೇಲೆ ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ. (ಪಿಯಾನೋ ಎಂಬುದನ್ನು ನಾವು ಹಿಂದಿ ಸಿನಿಮಾದಲ್ಲಷ್ಟೇ ಕಂಡವರು.) ಬೆಟಗೇರಿಯಿಂದ ಗದಗಿನವರೆಗೂ ಮನಸ್ಸಿನಲ್ಲಿ ಪಾಯಿಂಟು ಜೋಡಿಸುತ್ತ ಹೋದೆ. ಕಾಲೇಜಿನಲ್ಲಿ ಡಿಬೇಟು ಮಾಡಿ ವಕೀಲರಾದವರ ರೋಗವಿದು. ಹೊಡೆದಾಡುವಾಗಲೂ ನಂಬರ್ ಹಾಕುತ್ತೇವೆ.

ಜಗಳ ಯಾರ ಮೇಲೆ? ಒಬ್ಬ ಸಂಗೀತ ಮಾಸ್ತರರ ಮೇಲೆ. ಅವರು ನಮ್ಮ ವೈನಿಯನ್ನು, ಎಂದರೆ ಅಣ್ಣನ ಹೆಂಡತಿಯನ್ನು, ಇಡೀ ಶಾಲೆಯ ಎದುರು ಪೇಟಿಯ ಮುಂದಿನಿಂದ ಎಬ್ಬಿಸಿದ್ದರು.

ವೈನಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೇ ಇಯತ್ತೆಗೆ ಕಲಿಸುತ್ತಾಳೆ. ಮುಂಬಯಿ ಸರಕಾರ ಹೋಗಿ ಕನ್ನಡದವರೆಲ್ಲ ಒಂದಾಗುವ ದಿನ ಹತ್ತಿರ ಬಂದಿದೆಯಲ್ಲ, ಆ ಸಮಾರಂಭಕ್ಕೆ ಹುಡುಗಿಯರು ನಾಡಿನ ಹಾಡು ಹಾಡಬೇಕು. ಪೇಟಿ ಬಾರಿಸುವವಳು ವೈನಿಯೆಂದು ನಿಶ್ಚಯವಾಗಿತ್ತು. ರಿಹರ್ಸಲ್ ತಿದ್ದಲು ಬಂದ ಮಾಸ್ತರರು ಒಂದು ನುಡಿ ಕೇಳಿ ಕೈ ಎತ್ತಿದರಂತೆ.

"ಅಕ್ಕಾರ, ಹುಡುಗ್ಯಾರು ಗಾಂಧಾರ ಹಾಡತಾವ, ನಿಮ್ಮ ಬೆರಳ ಅದನ್ನ ಹಾರಿ ಮುಂದ ಹೊಂಟೈತಿ. ಯಾರ ಕಡೆ ಕಲ್ತೀರಿ?"

"ನಾನ ಕಲ್ತೀನ್ರಿ."

"ಹಂಗಾರ ಈ ಸಲ ಬ್ಯಾರೆಯವ್ರು ಬಾರಸಲಿ."

ಎಂಟು ವರ್ಷದ ಪ್ರಾಕ್ಟೀಸು ಒಂದು ಮಾತಿಗೆ ಮುಗಿಯಿತು. ವೈನಿ ಮನೆಗೆ ಬಂದು ರೊಟ್ಟಿ ಬಡಿದಳು, ಎಲ್ಲರಿಗೂ ಬಡಿಸಿದಳು, ಪೇಟಿಯ ಮೇಲೆ ಅರಿವೆ ಎಳೆದಳು. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಬೆರಳು ಗಾಂಧಾರವನ್ನು, ಎಂದರೆ ಸರಿಗಮದ 'ಗ'ವನ್ನು, ಯಾಕೆ ಹಾರುತ್ತದೆಂದು ನನಗೆ ಗೊತ್ತಿತ್ತು. ಮುಂಡರಗಿಯಲ್ಲಿ ಕ್ಯಾಂಪ್ ಮಾಡಿದ್ದ ನಾಟಕ ಕಂಪನಿಯೊಂದು ಒಡೆದಾಗ ಅಣ್ಣ ತಂದ ಹಳೆಯ ಪೇಟಿ ನಮ್ಮದು. ಗಾಂಧಾರದ ಪಟ್ಟಿ ಒತ್ತಿದರೆ ಬರೀ ಗಾಳಿ. ವೈನಿ ಆ ಸ್ವರವನ್ನು ಬಾಯಲ್ಲಿ ಹಾಡಿ, ಬೆರಳನ್ನು ಮುಂದಿನ ಪಟ್ಟಿಗೆ ಹಾರಿಸುವುದನ್ನು ರೂಢಿ ಮಾಡಿಕೊಂಡಳು. ಶಾಲೆಯ ಹೊಸ ಪೇಟಿಯ ಮೇಲೂ ಬೆರಳು ಹಾರಿತು.

ತಪ್ಪು ಪೇಟಿಯದು, ಕಲಿತವಳದಲ್ಲ. ಗುರುವಿನ ಹೆಸರು ಕೇಳುವವರು ಸಂಗೀತ ಕೇಳುತ್ತಾರೋ, ವಂಶಾವಳಿ ಕೇಳುತ್ತಾರೋ? ಇದು ನನ್ನ ಮೊದಲ ಪಾಯಿಂಟು. ಮಾಸ್ತರರ ಕಟ್ಟೆಯ ಮೇಲೆ ನಿಂತೇ ಒಗೆದೆ.

"ವಕೀಲ್ರ, ಮೊದಲ ಕುಂಡ್ರಿ. ಪೇಟಿ ಬೈಯಾಕ ತಂದೀರೋ, ತೋರಸಾಕ ತಂದೀರೋ?"

ಕುಳಿತೆ. ಅವರು ಮೇಲಿನ ಹಲಗೆ ಬಿಚ್ಚಿದರು. ಬೀಡಿ ಕಟ್ಟಿನ ತೆಳು ಕಾಗದ ಹರಿದು, ಆ ಸ್ವರದ ಹಿತ್ತಾಳೆ ನಾಲಿಗೆಯ ಸಂದಿಯಲ್ಲಿ ತೂರಿಸಿ ಎಳೆದರು. ಊದಿದರು. ಪಟ್ಟಿ ಒತ್ತಿದರು.

ಗಾಂಧಾರ ಕೂಗಿತು.

"ಧೂಳ್ರಿ. ಕುಂತು ಎಷ್ಟ ದಿನಾತು?"

"ಎಂಟು ವರ್ಷ."

"ಯಾರ್ನೂ ಕೇಳಲಿಲ್ಲೇನ್ರಿ? ಕಲಿಯಾಕ ಬಂದಿದ್ರ ಮೊದಲ ದಿನಾನ ಹೇಳತಿದ್ದೆ."

ನನ್ನ ಎರಡನೇ, ಮೂರನೇ ಪಾಯಿಂಟುಗಳನ್ನು ಮನಸ್ಸಿನಲ್ಲೇ ಹೊಡೆದುಹಾಕಿದೆ. ಯಾಕೆಂದರೆ ಕೇಳಿದ್ದಳು. ಸ್ವಾತಂತ್ರ್ಯ ಬಂದ ಮರುವರ್ಷ ಇದೇ ಮಾಸ್ತರರ ಹತ್ತಿರ ಪಾಠಕ್ಕೆ ಹೋಗುತ್ತೇನೆಂದು ವೈನಿ ಮನೆಯಲ್ಲಿ ಕೇಳಿದ್ದಳು. "ಇಪ್ಪತ್ತಾರು ವರ್ಷದ ಸೊಸಿ ಪೇಟಿ ಮಾಸ್ತರನ ಮುಂದ ಹೋಗಿ ಕುಂಡ್ರೂದ? ಮಂದಿ ಏನಂದಾರು?" ಎಂದಳು ಅವ್ವ. ವೈನಿ ನನ್ನ ಕಡೆ ನೋಡಿದಳು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ.

ನಾನು ಮಾಡಿದ್ದೇನು? ಅದೇ ವಾರ "ವಿದ್ಯೆಗೆ ಗುರು ಬೇಕಿಲ್ಲ" ಎಂಬ ವಿಷಯದ ಮೇಲೆ ಮಾತಾಡಿ ಕಪ್ ಗೆದ್ದಿದ್ದೆ. ಭಾಷಣ ಇನ್ನೂ ನಾಲಿಗೆಯ ಮೇಲಿತ್ತು. "ಗುರು ಯಾಕ ವೈನಿ? ದೇಶಾನ ತನ್ನ ಕಾಲ ಮ್ಯಾಲ ನಿಂತೈತಿ. ನಿನಗ ಕಿವಿ ಅದಾವ, ಬೆರಳ ಅದಾವ. ನೀನ ಕಲಿ." ಅವ್ವ ಪಾರಾದಳು. ಆಕೆಯ ಅಂಜಿಕೆಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಡಿಸಿಕೊಟ್ಟಿದ್ದೆ.

ತಾನೇ ಕಲಿಯುವುದು ದೊಡ್ಡದು, ಒಪ್ಪುತ್ತೇನೆ. ಬಾಗಿಲು ತೆರೆದಿದ್ದೂ ಒಬ್ಬರು ಒಳಗೇ ಕೂತು ಕಲಿತರೆ ಅದು ಅವರ ಹಟ. ಬಾಗಿಲು ಮುಚ್ಚಿ ಚಿಲಕ ಹಾಕಿ, "ನಿನ್ನಲ್ಲೇ ಶಕ್ತಿ ಇದೆ, ಕಲಿ" ಎಂದು ಹೊಗಳುವುದಕ್ಕೆ ಏನೆನ್ನೋಣ? ಈ ಉಪದೇಶ ನನಗೇಕೆ ಯಾರೂ ಮಾಡಲಿಲ್ಲ? ಕಾನೂನು ಕಲಿಯಲು ನನ್ನನ್ನು ಬೆಳಗಾವಿಗೆ ಕಳಿಸಿದರು. ಪುಸ್ತಕ ಕೊಟ್ಟು ಅಟ್ಟದ ಮೇಲೆ ಕೂಡಿಸಲಿಲ್ಲ.

ಮಾಸ್ತರರನ್ನೂ ನಾನು ಬಿಡುವವನಲ್ಲ. ಎಬ್ಬಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರ ಗಂಟಲು ಸವೆಯುತ್ತಿತ್ತೇ? ಅದನ್ನು ಹೇಳಿಯೇ ಎದ್ದೆ. ಅವರು ಸಿಟ್ಟಾಗಲಿಲ್ಲ (ಅದೂ ನನಗೆ ಸಿಟ್ಟು ತರಿಸಿತು).

"ಹೌದ, ಕೇಳಬೇಕಾಗಿತ್ತು. ಕಳಸ್ರಿ ಅವರ್ನ. ಹಾರೂ ಬೆರಳ ಕುಂಡ್ರಸಾಕ ಆರ ತಿಂಗಳರ ಬೇಕು."

ಮನೆಗೆ ಬಂದು ಎಲ್ಲ ಹೇಳಿದೆ. ವೈನಿ ಆ ಪಟ್ಟಿ ಒತ್ತಿದಳು. ಮತ್ತೆ ಒತ್ತಿದಳು. ಸಮಾರಂಭಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದಾರೆ, ಅದಂತೂ ಹೋಯಿತು. "ಸೋಮವಾರದಿಂದ ಪಾಠಕ್ಕ ಹೊಕ್ಕೀನಿ" ಎಂದಳು. ಅಪ್ಪಣೆ ಕೇಳುವ ದನಿ ಅದಾಗಿರಲಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. "ಗುರು ಯಾಕಲೇ? ದೇಶಾನ ತನ್ನ ಕಾಲ ಮ್ಯಾಲ ನಿಂತೈತಿ ಅಂತ ನೀನ ಹೇಳಿದ್ದಿಲ್ಲೇನು?"

ಒಂದಕ್ಷರವೂ ತಪ್ಪಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ವೈನಿ ಅಂದಳು: "ಅವನ್ನ ಯಾಕ ಕೇಳತೀರಿ ಅತ್ತಿ? ಅಂವಾ ಅವತ್ತ ಕಪ್ ಗೆದ್ದಾನಲ್ಲ."

ಗೆದ್ದವನು ನಾನು, ಖರೆ. ಎಂಟು ವರ್ಷ ಗಾಂಧಾರ ಹಾರಿದ ಬೆರಳು ಯಾರದು?